ಬಾರದ ಮೇಲ್‌ನ ಜಾಡು

2022ರ ಜನವರಿ 1ರಂದು ಜಗತ್ತಿನ ಹಲವೆಡೆ ಕಚೇರಿಗಳ ಇನ್‌ಬಾಕ್ಸ್‌ಗಳು ಬೆಳಗಿನಿಂದಲೇ ಖಾಲಿ ಉಳಿದವು. ಸರ್ವರ್‌ಗಳು ಚಾಲೂ ಇದ್ದವು, ಇಂಟರ್ನೆಟ್ ಸರಿಯಾಗಿತ್ತು, ಆದರೂ ಮೇಲ್ ಮಾತ್ರ ಮುಂದೆ ಸಾಗುತ್ತಿರಲಿಲ್ಲ. ತೊಂದರೆ ಕಂಡದ್ದು ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್‌ನ 2016 ಮತ್ತು 2019ರ ಆವೃತ್ತಿಗಳನ್ನು ಸ್ವಂತ ಸರ್ವರ್‌ನಲ್ಲಿ ನಡೆಸುತ್ತಿದ್ದ ಸಂಸ್ಥೆಗಳಲ್ಲಿ. ಬಂದ ಪ್ರತಿ ಮೇಲ್‌ನಲ್ಲಿ ವೈರಸ್ ಇದೆಯೇ ಎಂದು ನೋಡುವ ತಂತ್ರಾಂಶದ ಭಾಗವೊಂದು ಅಲ್ಲಿ ಕೆಲಸ ನಿಲ್ಲಿಸಿತ್ತು. ಅದರ ಆವೃತ್ತಿ ಸಂಖ್ಯೆಯನ್ನು ದಿನಾಂಕದಿಂದಲೇ ಕಟ್ಟುತ್ತಿದ್ದರು. ವರ್ಷ ಬದಲಾದೊಡನೆ ಆ ಸಂಖ್ಯೆ 2201010001 ಆಯಿತು. ಅದನ್ನು ಹಿಡಿದಿಡಲು ಕೊಟ್ಟಿದ್ದ 32 ಬಿಟ್‌ಗಳ ಜಾಗದಲ್ಲಿ 2147483647ಕ್ಕಿಂತ ದೊಡ್ಡ ಸಂಖ್ಯೆ ಕೂರುವುದಿಲ್ಲ. ತಪಾಸಣೆ ಕುಸಿಯಿತು, ತಪಾಸಣೆಯಾಗದ ಮೇಲ್‌ಗಳು ಸಾಲುಗಟ್ಟಿ ನಿಂತವು.

ಮೈಕ್ರೋಸಾಫ್ಟ್ ಕೂಡಲೇ ಒಂದು ಸ್ಕ್ರಿಪ್ಟ್ ಬಿಡುಗಡೆ ಮಾಡಿತು. ಅದರ ಜೊತೆ ಬಂದ ಹೊಸ ಆವೃತ್ತಿಯ ಸಂಖ್ಯೆ 2112330001. ದಿನಾಂಕವಾಗಿ ಓದಿದರೆ ಅದು 2021ರ ಡಿಸೆಂಬರ್ 33! ಪಂಚಾಂಗದಲ್ಲಿ ಇಲ್ಲದ ಆ ದಿನಾಂಕದ ನೆರವಿನಿಂದ ಸಾಲು ಕರಗತೊಡಗಿತು, ಕಾದು ನಿಂತಿದ್ದ ಮೇಲ್‌ಗಳು ತಡವಾಗಿಯಾದರೂ ತಲುಪಿದವು.

ಮೇಲ್ ಬರಲಿಲ್ಲ ಎಂದೊಡನೆ ಹೆಚ್ಚಿನವರು ಅದು ಕಳೆದೇ ಹೋಯಿತೆಂದು ತಿಳಿಯುತ್ತಾರೆ. ವಾಸ್ತವ ಬೇರೆ. ಬಾರದ ಮೇಲ್ ಸಾಮಾನ್ಯವಾಗಿ ಎಲ್ಲೋ ಒಂದು ಸರ್ವರ್‌ನಲ್ಲಿ ಕಾಯುತ್ತಿರುತ್ತದೆ, ಇಲ್ಲವೇ ಯಾವುದೋ ಸರ್ವರ್ ಅದನ್ನು ತಿರಸ್ಕರಿಸಿರುತ್ತದೆ, ಇಲ್ಲವೇ ಅದು ಬೇರೊಂದು ಮೇಲ್‌ಬಾಕ್ಸ್‌ಗೆ ಹೋಗಿ ಬಿದ್ದಿರುತ್ತದೆ. ಮೂರರಲ್ಲಿ ಯಾವುದೇ ಆಗಿರಲಿ, ಅದರ ಬಗ್ಗೆ ಎಲ್ಲೋ ಒಂದು ಸಾಲು ದಾಖಲಾಗಿರುತ್ತದೆ. ಆ ಸಾಲನ್ನು ಹುಡುಕುವುದೇ ಇಲ್ಲಿನ ಕೆಲಸ.

ಈ ಭರವಸೆಗೆ ಆಧಾರ ಇ-ಮೇಲ್‌ನ ನಿಯಮಾವಳಿಯಲ್ಲೇ ಇದೆ. ಸರ್ವರ್‌ನಿಂದ ಸರ್ವರ್‌ಗೆ ಮೇಲ್ ದಾಟಿಸುವ ಎಸ್‌ಎಂಟಿಪಿ ನಿಯಮಗಳನ್ನು ಜಾನ್ ಪೋಸ್ಟೆಲ್ 1982ರ ಆಗಸ್ಟ್‌ನಲ್ಲಿ ಬರೆದರು. 2008ರಲ್ಲಿ ಜಾನ್ ಕ್ಲೆನ್ಸಿನ್ ಅವನ್ನು ಪರಿಷ್ಕರಿಸಿದರು. ಅವುಗಳ ತಿರುಳು ಇಷ್ಟು: ಒಂದು ಸರ್ವರ್ ಇನ್ನೊಂದಕ್ಕೆ ಮೇಲ್ ಒಪ್ಪಿಸಿದಾಗ, ಪಡೆದ ಸರ್ವರ್ 250 ಎಂಬ ಉತ್ತರ ಕೊಟ್ಟರೆ ಅಲ್ಲಿಂದ ಮುಂದಿನ ಹೊಣೆ ಅದರದು. ಒಂದೋ ಮೇಲ್ ತಲುಪಿಸಬೇಕು, ಇಲ್ಲವೇ ತಲುಪಿಸಲಾಗಲಿಲ್ಲವೆಂದು ಕಳಿಸಿದವರಿಗೆ ತಿಳಿಸಬೇಕು. ಯಂತ್ರ ಕೆಟ್ಟಿತು, ಡಿಸ್ಕ್ ತುಂಬಿತು ಎಂಬ ನೆಪಕ್ಕೆ ಅದನ್ನು ಕಳೆಯುವಂತಿಲ್ಲ. ರಿಜಿಸ್ಟರ್ಡ್ ಅಂಚೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಸಹಿ ಹಾಕಿಸಿಕೊಂಡು ದಾಟುವ ಹಾಗೆ ಇಲ್ಲಿಯೂ ಪ್ರತಿ ದಾಟಿಗೊಂದು ರಸೀದಿ ಇದೆ. ಯಾವ ಸರ್ವರ್ ಕೊನೆಯ ಬಾರಿ 250 ಎಂದಿತೋ ಮೇಲ್‌ನ ಲೆಕ್ಕ ಅಲ್ಲೇ ಸಿಗಬೇಕು.

ಹುಡುಕಾಟಕ್ಕೆ ಇಳಿಯುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಯಾರ ಮೇಲೂ ಬರುತ್ತಿಲ್ಲವೇ, ಒಬ್ಬರದು ಮಾತ್ರ ಬರುತ್ತಿಲ್ಲವೇ, ಅಥವಾ ಕಚೇರಿಯ ಬೇರೆಯವರಿಗೆ ಬರುತ್ತಿದ್ದು ಒಬ್ಬ ಸಿಬ್ಬಂದಿಗೆ ಮಾತ್ರ ತಪ್ಪುತ್ತಿದೆಯೇ? ಎಲ್ಲರದೂ ನಿಂತಿದ್ದರೆ ಅನುಮಾನ ಡೊಮೈನ್ ಮೇಲೆ, ಅದರ ದಾರಿ ಹೇಳುವ ಡಿಎನ್‌ಎಸ್ ಮೇಲೆ ಹೋಗಬೇಕು. ಒಬ್ಬ ಕಳಿಸುವವರದು ಮಾತ್ರ ಬಾರದಿದ್ದರೆ ಸ್ಪ್ಯಾಮ್ ತಡೆ ಅಥವಾ ಅವರ ಸರ್ವರ್‌ನ ದೋಷ. ಒಬ್ಬ ಸಿಬ್ಬಂದಿಗೆ ಮಾತ್ರ ತಪ್ಪುತ್ತಿದ್ದರೆ ಅವರ ಮೇಲ್‌ಬಾಕ್ಸ್‌ನ ಒಳಗೇ ಕಾರಣ ಇರುತ್ತದೆ. ಅರ್ಧ ಗಂಟೆಯಲ್ಲಿ ಮುಗಿಯುವ ಕೆಲಸ ಮೂರು ದಿನ ಎಳೆಯುವುದು ಬಹುತೇಕ ಈ ಪ್ರಶ್ನೆಯನ್ನು ಕೇಳದೆ ಸೆಟ್ಟಿಂಗ್‌ಗಳನ್ನು ಬದಲಿಸಲು ಹೊರಟಾಗ.

ಎರಡನೆಯ ಹೆಜ್ಜೆಯೂ ಸರಳ: ಕಳಿಸಿದವರಿಗೆ ಫೋನ್ ಮಾಡಿ ವಾಪಸ್ ಏನಾದರೂ ಬಂತೇ ಎಂದು ಕೇಳುವುದು. ಬೌನ್ಸ್ ಆಗಿ ಬರುವ ಆ ಉದ್ದನೆಯ ಇಂಗ್ಲಿಷ್ ಸಂದೇಶವನ್ನು ಹೆಚ್ಚಿನವರು ಓದದೆ ಅಳಿಸುತ್ತಾರೆ. ಬೇಕಾದ ಮಾಹಿತಿಯೆಲ್ಲ ಅದರಲ್ಲೇ ಇರುತ್ತದೆ. ಮೂರಂಕಿಯ ಸಂಖ್ಯೆಯೊಂದನ್ನು ಮೊದಲು ನೋಡಬೇಕು. 4ರಿಂದ ಶುರುವಾದರೆ ಅದು ತಾತ್ಕಾಲಿಕ ಅಡಚಣೆ, ಆಮೇಲೆ ಮತ್ತೆ ಪ್ರಯತ್ನಿಸಿ ಎಂದರ್ಥ. ಕಳಿಸುವ ಸರ್ವರ್ ಕನಿಷ್ಠ ಅರ್ಧ ಗಂಟೆ ಬಿಟ್ಟು ಮತ್ತೆ ಕದ ತಟ್ಟಬೇಕು, ನಾಲ್ಕೈದು ದಿನವಾದರೂ ಪ್ರಯತ್ನ ಬಿಡಬಾರದು ಎನ್ನುತ್ತದೆ ನಿಯಮ. 5ರಿಂದ ಶುರುವಾದರೆ ಅದು ಖಡಾಖಂಡಿತ ನಿರಾಕರಣೆ, ಮತ್ತೆ ಪ್ರಯತ್ನವಿಲ್ಲ. ಅದರ ಪಕ್ಕದಲ್ಲಿ ಚುಕ್ಕಿಗಳಿಂದ ಬೇರ್ಪಟ್ಟ ಇನ್ನೊಂದು ಸಂಕೇತ ಇದ್ದರೆ ಕಾರಣ ಇನ್ನಷ್ಟು ಸ್ಪಷ್ಟ. 5.1.1 ಎಂದರೆ ಅಂಥ ವಿಳಾಸವೇ ಇಲ್ಲ, 5.2.2 ಎಂದರೆ ಮೇಲ್‌ಬಾಕ್ಸ್ ತುಂಬಿದೆ, 5.7.1 ಎಂದರೆ ಸರ್ವರ್‌ನ ನೀತಿ ಈ ಮೇಲ್ ಅನ್ನು ಒಪ್ಪುವುದಿಲ್ಲ.

4 ಮತ್ತು 5ರ ನಡುವಿನ ವ್ಯತ್ಯಾಸ ಎಷ್ಟು ದೊಡ್ಡದೆಂದು 2020ರ ಡಿಸೆಂಬರ್‌ನಲ್ಲಿ ಲೋಕಕ್ಕೆಲ್ಲ ಗೊತ್ತಾಯಿತು. ಗೂಗಲ್‌ನ ಎಂಜಿನಿಯರ್‌ಗಳು ಒಳಬರುವ ಮೇಲ್ ಸ್ವೀಕರಿಸುವ ವ್ಯವಸ್ಥೆಯ ಸಂರಚನೆಯನ್ನು ಬದಲಿಸುವಾಗ, ಜಿಮೇಲ್ ಡಾಟ್ ಕಾಂ ಎಂದಿರಬೇಕಾದ ಕಡೆ ಬೇರೆ ಡೊಮೈನ್ ಹೆಸರು ಸೇರಿಕೊಂಡಿತು. ಸರ್ವರ್‌ಗಳು ನಿಜವಾದ ವಿಳಾಸಗಳನ್ನೂ ಗುರುತಿಸದೆ ಅಂಥ ಖಾತೆಯೇ ಇಲ್ಲ ಎಂದು 550 ಸಂಕೇತದೊಡನೆ ಉತ್ತರಿಸತೊಡಗಿದವು. ಹಿಂದಿನ ದಿನವಷ್ಟೇ, ಡಿಸೆಂಬರ್ 14ರಂದು, ಗೂಗಲ್‌ನ ಲಾಗಿನ್ ವ್ಯವಸ್ಥೆ ಕೆಟ್ಟು ಯೂಟ್ಯೂಬ್‌ನಿಂದ ಹಿಡಿದು ಜಿಮೇಲ್‌ವರೆಗೆ ಎಲ್ಲ ಮುಕ್ಕಾಲು ಗಂಟೆಯಷ್ಟು ಕಾಲ ಸ್ತಬ್ಧವಾಗಿದ್ದವು. ಅದು ಎಲ್ಲರ ಕಣ್ಣಿಗೆ ಬಿದ್ದ ಸುದ್ದಿ. ಮೇಲ್‌ಗಳ ಮಟ್ಟಿಗೆ ಮರುದಿನದ ಪೆಟ್ಟು ಹೆಚ್ಚು ಆಳ. ಸರ್ವರ್ ಸುಮ್ಮನೆ ಬಿದ್ದುಹೋಗಿದ್ದರೆ ಕಳಿಸುವವರ ಕ್ಯೂನಲ್ಲಿ ಮೇಲ್ ಕಾದಿರುತ್ತಿತ್ತು. ಖಾತೆಯೇ ಇಲ್ಲ ಎಂಬ ಉತ್ತರ ಬಂದ ಮೇಲೆ ಕಾಯುವ ಪ್ರಶ್ನೆಯೇ ಇಲ್ಲ. ಇಂಥ ಉತ್ತರ ಕಂಡೊಡನೆ ವಿಳಾಸವನ್ನೇ ಪಟ್ಟಿಯಿಂದ ತೆಗೆದುಹಾಕುವುದು ಅನೇಕ ಸುದ್ದಿಪತ್ರ ಮತ್ತು ಮೇಲಿಂಗ್ ಪಟ್ಟಿಗಳ ತಂತ್ರಾಂಶದ ರೂಢಿ. ಹೀಗೆ ಜಿಮೇಲ್ ಸರಿಹೋದ ಮೇಲೂ ಕೆಲವರಿಗೆ ಬರಬೇಕಾದ ಪತ್ರಗಳು ಬಾರದೇ ಉಳಿದವು.

ಕಳಿಸಿದವರಿಗೆ ಬೌನ್ಸ್ ಬಂದಿಲ್ಲ, ಇತ್ತ ಮೇಲೂ ಇಲ್ಲ ಎಂದಾದರೆ ಡೊಮೈನ್ ಕಡೆಗೆ ತಿರುಗಬೇಕು. ಮೊದಲ ಪರೀಕ್ಷೆ, ಡೊಮೈನ್ ಜೀವಂತ ಇದೆಯೇ ಎನ್ನುವುದು. ನವೀಕರಣದ ದಿನಾಂಕ ಮೀರಿದ ಡೊಮೈನನ್ನು ನೋಂದಣಿ ಕಂಪನಿ ತನ್ನ ಜಾಹೀರಾತು ಪುಟದ ಕಡೆ ತಿರುಗಿಸುವುದು ವಾಡಿಕೆ. ವೆಬ್‌ಸೈಟ್ ಹೋದದ್ದು ಬೇಗ ತಿಳಿಯುತ್ತದೆ, ಮೇಲ್ ನಿಂತದ್ದು ತಿಳಿಯಲು ದಿನಗಳೇ ಹಿಡಿಯಬಹುದು. ಡಾಟ್ ಕಾಂನಂಥ ಡೊಮೈನ್‌ಗಳ ಅವಧಿ ಮುಗಿಯುವ ಮೊದಲು ಕನಿಷ್ಠ ಎರಡು ಬಾರಿ ಎಚ್ಚರಿಕೆ ಕಳಿಸಬೇಕೆಂದು ಡೊಮೈನ್ ಹೆಸರುಗಳ ಜಾಗತಿಕ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ ನಿಯಮ ಮಾಡಿದೆ. ಆದರೆ ಬಹಳ ಸಂಸ್ಥೆಗಳು ನೋಂದಣಿಗೆ ಕೊಟ್ಟಿರುವ ವಿಳಾಸ ಯಾವುದೆಂದರೆ ಅದೇ ಡೊಮೈನ್‌ನದು, ಅಥವಾ ಎಂದೋ ಕೆಲಸ ಬಿಟ್ಟುಹೋದ ನೌಕರನದು. ಅವಧಿ ಮುಗಿದ ಮೇಲೆ ಬರುವ ಕೊನೆಯ ಎಚ್ಚರಿಕೆ ಆ ಸತ್ತ ವಿಳಾಸವನ್ನೇ ಹುಡುಕಿಕೊಂಡು ಹೋಗುತ್ತದೆ. ಸಂಪರ್ಕ ವಿಳಾಸ ಬೇರೆ ಸೇವೆಯದಾಗಿರಬೇಕು ಎನ್ನುವುದು ಇದಕ್ಕೇ.

ಇದು ಸಣ್ಣ ಸಂಸ್ಥೆಗಳ ಅಜಾಗರೂಕತೆ ಮಾತ್ರ ಅಲ್ಲ. 1999ರ ಡಿಸೆಂಬರ್‌ನಲ್ಲಿ ಮೈಕ್ರೋಸಾಫ್ಟ್ ತನ್ನ ಪಾಸ್‌ಪೋರ್ಟ್ ಡಾಟ್ ಕಾಂ ಡೊಮೈನ್‌ನ 35 ಡಾಲರ್ ಶುಲ್ಕ ಕಟ್ಟುವುದನ್ನು ಮರೆತಿತ್ತು. ಹಾಟ್‌ಮೇಲ್ ಬಳಕೆದಾರರು ಲಾಗಿನ್ ಆಗಲು ಆ ಡೊಮೈನ್ ಬೇಕಾಗಿತ್ತು. ಕ್ರಿಸ್‌ಮಸ್ ಸಮಯದಲ್ಲಿ ಅನೇಕರಿಗೆ ತಮ್ಮ ಮೇಲ್ ತೆರೆಯಲಾಗದೆ ಹೋಯಿತು. ಕಂಪನಿಗೆ ಸಂಬಂಧವೇ ಇಲ್ಲದ ಪ್ರೋಗ್ರಾಮರ್ ಒಬ್ಬರು ಕಾರಣ ಪತ್ತೆ ಹಚ್ಚಿ, ತಮ್ಮ ಕ್ರೆಡಿಟ್ ಕಾರ್ಡ್‌ನಿಂದಲೇ ಆ ಹಣ ಕಟ್ಟಿದರು. ಬೆಂಗಳೂರಿನಲ್ಲಿ ಶಾಲೆ ಓದಿದ ಸಬೀರ್ ಭಾಟಿಯಾ ಮತ್ತು ಜ್ಯಾಕ್ ಸ್ಮಿತ್ 1996ರಲ್ಲಿ ಆರಂಭಿಸಿದ ಸೇವೆ ಹಾಟ್‌ಮೇಲ್. ಅಷ್ಟು ದೊಡ್ಡ ಸೇವೆ ನಿಂತಿದ್ದು ಅಷ್ಟು ಸಣ್ಣ ಬಾಕಿಗೆ.

ಡೊಮೈನ್ ಸರಿ ಇದ್ದರೆ ಮುಂದಿನದು ಎಂಎಕ್ಸ್ ದಾಖಲೆ. ಒಂದು ಡೊಮೈನ್‌ಗೆ ಬರುವ ಮೇಲ್ ಯಾವ ಸರ್ವರ್‌ಗೆ ಹೋಗಬೇಕೆಂದು ಡಿಎನ್‌ಎಸ್‌ನಲ್ಲಿ ಸಾರುವ ಸಾಲು ಇದು. 1986ರಲ್ಲಿ ಕ್ರೇಗ್ ಪಾರ್ಟ್ರಿಜ್ ಬರೆದ ನಿಯಮ ಇಂದಿಗೂ ನಡೆಯುತ್ತಿದೆ. ಪ್ರತಿ ಸಾಲಿಗೂ ಒಂದು ಅಂಕಿ ಇರುತ್ತದೆ, ಚಿಕ್ಕ ಅಂಕಿಯ ಸರ್ವರ್‌ಗೆ ಮೊದಲ ಆದ್ಯತೆ. ದಾಖಲೆಯಲ್ಲಿ ಸರ್ವರ್‌ನ ಹೆಸರು ಇರಬೇಕು, ಐಪಿ ಸಂಖ್ಯೆ ಇರಬಾರದು. ಎಂಎಕ್ಸ್ ದಾಖಲೆ ಇಲ್ಲವೇ ಇಲ್ಲವಾದರೆ ಕಳಿಸುವ ಸರ್ವರ್ ವೆಬ್‌ಸೈಟ್ ಇರುವ ವಿಳಾಸಕ್ಕೇ ಮೇಲ್ ಒಪ್ಪಿಸಲು ನೋಡುತ್ತದೆ. ಕಂಪ್ಯೂಟರ್‌ನ ಕಮಾಂಡ್ ಪರದೆಯಲ್ಲಿ ಎನ್‌ಎಸ್‌ಲುಕಪ್ ಅಥವಾ ಡಿಗ್ ಬಳಸಿ ಈ ದಾಖಲೆಯನ್ನು ಯಾರು ಬೇಕಾದರೂ ನೋಡಬಹುದು. ಅದಕ್ಕೆ ಪಾಸ್‌ವರ್ಡ್ ಬೇಡ, ಹೋಸ್ಟಿಂಗ್ ಕಂಪನಿಯ ಅನುಮತಿಯೂ ಬೇಡ.

ಈ ದಾಖಲೆ ಕೈಕೊಡುವುದು ಹೆಚ್ಚಾಗಿ ಸ್ಥಳಾಂತರದ ಸಮಯದಲ್ಲಿ. ಸಂಸ್ಥೆ ಹಳೆಯ ಹೋಸ್ಟಿಂಗ್ ಬಿಟ್ಟು ಹೊಸದಕ್ಕೆ ಹೋದಾಗ ಎಂಎಕ್ಸ್ ಬದಲಿಸುತ್ತಾರೆ. ಆದರೆ ಜಗತ್ತಿನ ಸರ್ವರ್‌ಗಳು ಹಳೆಯ ದಾಖಲೆಯನ್ನು ತಮ್ಮಲ್ಲಿ ನೆನಪಿಟ್ಟುಕೊಂಡಿರುತ್ತವೆ. ಎಷ್ಟು ಹೊತ್ತು ನೆನಪಿಡಬೇಕು ಎಂಬುದನ್ನು ಡಿಎನ್‌ಎಸ್ ದಾಖಲೆಯೇ ಸೆಕೆಂಡುಗಳಲ್ಲಿ ಹೇಳುತ್ತದೆ. 86400 ಎಂದಿದ್ದರೆ ಪೂರ್ತಿ ಒಂದು ದಿನ. ಆ ದಿನವಿಡೀ ಕೆಲವರ ಮೇಲ್ ಹೊಸ ಸರ್ವರ್‌ಗೂ ಕೆಲವರದು ಹಳೆಯ ಸರ್ವರ್‌ಗೂ ಬೀಳುತ್ತದೆ. ಹಳೆಯದು 250 ಎಂದು ಒಪ್ಪಿಕೊಂಡಿದ್ದರಿಂದ ಯಾರಿಗೂ ಬೌನ್ಸ್ ಹೋಗುವುದಿಲ್ಲ. ಬಲ್ಲವರು ಸ್ಥಳಾಂತರಕ್ಕೆ ಎರಡು ದಿನ ಮೊದಲೇ ಆ ಅಂಕಿಯನ್ನು 300ಕ್ಕೆ ಇಳಿಸುತ್ತಾರೆ, ಹಳೆಯ ಖಾತೆಯನ್ನು ತಿಂಗಳಾದರೂ ಮುಚ್ಚುವುದಿಲ್ಲ, ಅದರ ವೆಬ್‌ಮೇಲ್ ತೆರೆದು ನೋಡುತ್ತಿರುತ್ತಾರೆ.

ಇದಕ್ಕಿಂತ ಜಿಗುಟಾದ ಇನ್ನೊಂದು ತೊಡಕಿದೆ. ಶಾಲೆಯೊಂದು ವೆಬ್‌ಸೈಟನ್ನು ಹೋಸ್ಟಿಂಗ್ ಕಂಪನಿಯಲ್ಲೇ ಉಳಿಸಿಕೊಂಡು ಮೇಲನ್ನು ಮಾತ್ರ ಗೂಗಲ್ ವರ್ಕ್‌ಸ್ಪೇಸ್‌ಗೋ ಮೈಕ್ರೋಸಾಫ್ಟ್ 365ಕ್ಕೋ ಸಾಗಿಸಿತು ಎನ್ನೋಣ. ಎಂಎಕ್ಸ್ ಸರಿಯಾಗಿದೆ. ಊರವರೆಲ್ಲರ ಮೇಲ್ ಬರುತ್ತಿದೆ. ಆದರೆ ವೆಬ್‌ಸೈಟ್‌ನ ಪ್ರವೇಶ ಅರ್ಜಿ ತುಂಬಿದವರ ಮಾಹಿತಿ ಬರುತ್ತಿಲ್ಲ. ಪೋಷಕರು ಅರ್ಜಿ ಹಾಕಿದ್ದೇವೆ ಎನ್ನುತ್ತಾರೆ, ಕಚೇರಿಯವರು ಬಂದಿಲ್ಲ ಎನ್ನುತ್ತಾರೆ, ಇಬ್ಬರದೂ ನಿಜ. ಅರ್ಜಿ ಹೊರಡುವುದು ಹೋಸ್ಟಿಂಗ್ ಸರ್ವರ್‌ನಿಂದ. ಈ ಡೊಮೈನ್‌ನ ಮೇಲ್ ತನ್ನಲ್ಲೇ ಇದೆ ಎಂದು ಆ ಸರ್ವರ್ ಇನ್ನೂ ನಂಬಿದೆ. ಹಾಗಾಗಿ ಅದು ಎಂಎಕ್ಸ್ ದಾಖಲೆ ಕೇಳುವುದೇ ಇಲ್ಲ. ಅರ್ಜಿಗಳನ್ನು ತನ್ನದೇ ಹಳೆಯ ಮೇಲ್‌ಬಾಕ್ಸ್‌ಗೆ ಹಾಕಿಕೊಳ್ಳುತ್ತದೆ, ಅಥವಾ ಅಲ್ಲಿ ಆ ಖಾತೆ ಇಲ್ಲದಿದ್ದರೆ ತಿರಸ್ಕರಿಸುತ್ತದೆ. ಅದೇ ಸರ್ವರ್‌ನಲ್ಲಿ ನೂರಾರು ಬೇರೆ ಗ್ರಾಹಕರ ಡೊಮೈನ್‌ಗಳೂ ಇರುತ್ತವೆ. ಅವರು ಕಳಿಸಿದ ಮೇಲ್‌ಗಳ ಗತಿಯೂ ಇದೇ. ಪರಿಹಾರ ಒಂದು ಕ್ಲಿಕ್‌ನಷ್ಟು ಸಣ್ಣದು. ಹೋಸ್ಟಿಂಗ್ ನಿರ್ವಹಿಸುವ ಸಿಪ್ಯಾನೆಲ್‌ನಲ್ಲಿ ಇ-ಮೇಲ್ ರೂಟಿಂಗ್ ಎಂಬ ಜಾಗದಲ್ಲಿ ಲೋಕಲ್ ಎಂದಿರುವುದನ್ನು ರಿಮೋಟ್ ಎಂದು ಬದಲಿಸಿದರೆ ಸಾಕು. ನಂತರ ಹಳೆಯ ಮೇಲ್‌ಬಾಕ್ಸ್ ತೆರೆದರೆ ತಿಂಗಳುಗಟ್ಟಲೆ ಕಾದ ಅರ್ಜಿಗಳು ಅಲ್ಲಿ ಸಿಗಬಹುದು.

ಕಳಿಸುವ ಒಬ್ಬಿಬ್ಬರದು ಮಾತ್ರ ಬರುತ್ತಿಲ್ಲ ಎಂದಾಗ ಸ್ಪ್ಯಾಮ್ ತಡೆಯ ಸರದಿ. ಕೆಲವು ಸರ್ವರ್‌ಗಳು ಅಪರಿಚಿತರ ಮೊದಲ ಮೇಲನ್ನು 451 ಎಂದು ಬೇಕೆಂದೇ ಹಿಂದಕ್ಕೆ ಕಳಿಸುತ್ತವೆ. ನಿಜವಾದ ಮೇಲ್ ಸರ್ವರ್ ಮತ್ತೆ ಬರುತ್ತದೆ, ಸ್ಪ್ಯಾಮ್ ಉಗುಳುವ ಯಂತ್ರ ಬರುವುದಿಲ್ಲ ಎಂಬ ಲೆಕ್ಕಾಚಾರ ಇದು. 2003ರಲ್ಲಿ ಇವಾನ್ ಹ್ಯಾರಿಸ್ ಮುಂದಿಟ್ಟ ಈ ಉಪಾಯಕ್ಕೆ ಗ್ರೇಲಿಸ್ಟಿಂಗ್ ಎಂದು ಹೆಸರು. ಪತ್ರ ಕಾಲು ಗಂಟೆ ತಡವಾದರೆ ಯಾರಿಗೂ ನಷ್ಟವಿಲ್ಲ. ಐದೇ ನಿಮಿಷ ಬಾಳುವ ಒಟಿಪಿ ತಡವಾದರೆ ಅದು ಬಂದೂ ಬಾರದಂತೆಯೇ.

ಇನ್ನು ಕೆಲವು ಸರ್ವರ್‌ಗಳು ಕುಖ್ಯಾತ ಐಪಿ ವಿಳಾಸಗಳ ಸಾರ್ವಜನಿಕ ಪಟ್ಟಿಗಳನ್ನು ಕೇಳಿ ನಿರ್ಧರಿಸುತ್ತವೆ. ಪಟ್ಟಿ ನಡೆಸುವವರು ಅಂಗಡಿ ಮುಚ್ಚಿದರೂ ಅದನ್ನು ಕೇಳುತ್ತಲೇ ಇರುವ ಸರ್ವರ್‌ಗಳಿಂದ ಆಗುವ ಅನಾಹುತಕ್ಕೆ ಒಆರ್‌ಡಿಬಿ ಉದಾಹರಣೆ. 2006ರ ಡಿಸೆಂಬರ್‌ನಲ್ಲಿ ಆ ಪಟ್ಟಿ ನಿಂತಿತು. ಒಂದು ವರ್ಷ ಕಳೆದರೂ ಅನೇಕ ಸರ್ವರ್‌ಗಳು ಅದನ್ನು ಕೇಳುವುದನ್ನು ಬಿಡಲಿಲ್ಲ. 2008ರ ಮಾರ್ಚ್‌ನಲ್ಲಿ ಅದು ಯಾವ ವಿಳಾಸ ಕೇಳಿದರೂ ಪಟ್ಟಿಯಲ್ಲಿದೆ ಎಂದು ಉತ್ತರಿಸತೊಡಗಿತು. ಹಳೆಯ ಸಾಲನ್ನು ಅಳಿಸದ ಸರ್ವರ್‌ಗಳು ಅಂದಿನಿಂದ ಬಂದ ಮೇಲನ್ನೆಲ್ಲ ತಿರಸ್ಕರಿಸಿದವು. ಈಚೆಗೂ ಇಂಥದ್ದು ನಡೆಯುತ್ತದೆ. ಸ್ಪ್ಯಾಮ್‌ಹಾಸ್ ಪಟ್ಟಿಯನ್ನು ಸಾರ್ವಜನಿಕ ಡಿಎನ್‌ಎಸ್ ಮೂಲಕ ಕೇಳಿದರೆ 127.255.255.254 ಎಂಬ ಉತ್ತರ ಬರುತ್ತದೆ. ಹೀಗೆ ಕೇಳಬಾರದು ಎಂಬುದು ಅದರ ಅರ್ಥ. ಉತ್ತರ ಯಾವುದೇ ಬಂದರೂ ಸ್ಪ್ಯಾಮ್ ಎಂದು ಓದುವ ಸರ್ವರ್ ಒಳ್ಳೆಯ ಮೇಲ್‌ಗಳನ್ನೂ ಬಾಗಿಲಲ್ಲೇ ತಡೆಯುತ್ತದೆ.

ಫಾರ್ವರ್ಡ್ ಮಾಡಿಸಿಕೊಳ್ಳುವ ಅಭ್ಯಾಸವೂ ಮೇಲ್ ನುಂಗಬಹುದು. ಕಚೇರಿ ವಿಳಾಸಕ್ಕೆ ಬಂದದ್ದನ್ನೆಲ್ಲ ತಮ್ಮ ಜಿಮೇಲ್‌ಗೆ ತಿರುಗಿಸಿಕೊಳ್ಳುವವರು ಬಹಳ. ಒಂದು ಡೊಮೈನ್ ಹೆಸರಿನಲ್ಲಿ ಮೇಲ್ ಕಳಿಸಲು ಯಾವ ಸರ್ವರ್‌ಗಳಿಗೆ ಅಧಿಕಾರವಿದೆ ಎಂದು ಎಸ್‌ಪಿಎಫ್ ದಾಖಲೆ ಹೇಳುತ್ತದೆ. ನಡುವೆ ನಿಂತು ತಿರುಗಿಸುವ ಸರ್ವರ್ ಆ ಪಟ್ಟಿಯಲ್ಲಿ ಇರುವುದಿಲ್ಲ. ಕಳಿಸಿದ ಡೊಮೈನ್ ಮೇಲ್‌ಗೆ ಹಾಕುವ ಡಿಕೆಐಎಂ ಎಂಬ ಡಿಜಿಟಲ್ ಸಹಿಯೂ ಇಲ್ಲದಿದ್ದರೆ ಎರಡನೆಯ ಬಾಗಿಲಲ್ಲಿ ಅದು ನಕಲಿಯಂತೆ ಕಾಣುತ್ತದೆ. 2024ರ ಫೆಬ್ರವರಿಯಿಂದ ಜಿಮೇಲ್ ಮತ್ತು ಯಾಹೂ ಈ ಗುರುತುಗಳ ವಿಷಯದಲ್ಲಿ ಇನ್ನಷ್ಟು ಬಿಗಿಯಾಗಿವೆ. ತಿರುಗಿಸುವ ಬದಲು ಆ ಮೇಲ್‌ಬಾಕ್ಸನ್ನೇ ಫೋನ್‌ನಲ್ಲಿ ನೇರ ಸೇರಿಸಿಕೊಳ್ಳುವುದು ಮೇಲು.

ಮೇಲ್‌ಬಾಕ್ಸ್‌ನ ಒಳಗಿನ ಕಾರಣಗಳಲ್ಲಿ ಕೆಲವು ತೀರ ಸಾಮಾನ್ಯ. ಜಾಗ ತುಂಬಿರುವುದು ಒಂದು. ಹಳೆಯ ಕಂಪ್ಯೂಟರ್‌ನಲ್ಲಿ ಪಾಪ್ ವಿಧಾನದಲ್ಲಿ ತೆರೆದಿಟ್ಟ ಔಟ್‌ಲುಕ್ ಇನ್ನೊಂದು. ಅದು ಮೇಲ್ ಎಳೆದುಕೊಂಡು ಸರ್ವರ್‌ನಿಂದ ಅಳಿಸುತ್ತದೆ, ಫೋನ್‌ನಲ್ಲಿ ನೋಡುವವರಿಗೆ ಏನೂ ಕಾಣುವುದಿಲ್ಲ. ಮೂರನೆಯದು ಮಾತ್ರ ಅಪಾಯದ್ದು. ಪಾಸ್‌ವರ್ಡ್ ಕದ್ದವರು ಖಾತೆಯೊಳಗೆ ಗುಟ್ಟಾಗಿ ಒಂದು ನಿಯಮ ಬರೆದಿಡುತ್ತಾರೆ. ಬ್ಯಾಂಕು, ಇನ್‌ವಾಯ್ಸ್, ಪಾವತಿ ಎಂಬ ಪದಗಳಿರುವ ಮೇಲ್ ಬಂದರೆ ಆರ್‌ಎಸ್‌ಎಸ್ ಫೀಡ್‌ನಂತಹ ಯಾರೂ ತೆರೆಯದ ಫೋಲ್ಡರ್‌ಗೆ ಅದು ಜಾರುತ್ತದೆ. ಆ ಮರೆಯಲ್ಲಿ ಅವರು ಖಾತೆ ಸಂಖ್ಯೆ ಬದಲಿಸಿ ವ್ಯವಹಾರ ಮುಂದುವರಿಸುತ್ತಾರೆ. ಇಂಥ ವಂಚನೆಗಳಲ್ಲಿ 2023ರಲ್ಲಿ ಸುಮಾರು 290 ಕೋಟಿ ಡಾಲರ್ ನಷ್ಟವಾದ ದೂರುಗಳು ಅಮೆರಿಕದ ಎಫ್‌ಬಿಐಗೆ ಬಂದಿದ್ದವು. ಹಣದ ಸಂಬಂಧದ ಮೇಲ್‌ಗಳು ಮಾತ್ರ ಕಾಣೆಯಾಗುತ್ತಿದ್ದರೆ ಮೊದಲು ಫಿಲ್ಟರ್ ನಿಯಮಗಳನ್ನು ತೆರೆದು ನೋಡಬೇಕು, ಪಾಸ್‌ವರ್ಡ್ ಬದಲಿಸಬೇಕು, ಬ್ಯಾಂಕಿಗೆ ತಿಳಿಸಬೇಕು.

ಕನ್ನಡ ಲಿಪಿಯ ವಿಳಾಸ ಇಟ್ಟುಕೊಂಡವರಿಗೆ ಇನ್ನೊಂದು ಅಡ್ಡಿ ಇದೆ. ಡಾಟ್ ಭಾರತ ಡೊಮೈನ್ ಕನ್ನಡದಲ್ಲೂ ಇದೆ, ಇಂಗ್ಲಿಷೇತರ ಲಿಪಿಯ ಮೇಲ್ ವಿಳಾಸಕ್ಕೆ 2012ರಲ್ಲೇ ಮಾನಕ ಸಿದ್ಧವಾಗಿದೆ. ಆದರೆ ದಾರಿಯಲ್ಲಿರುವ ಪ್ರತಿ ಸರ್ವರ್ ಎಸ್‌ಎಂಟಿಪಿಯುಟಿಎಫ್8 ಎಂಬ ಆ ವಿಸ್ತರಣೆಯನ್ನು ಒಪ್ಪಬೇಕು. ಒಂದು ಒಪ್ಪದಿದ್ದರೂ ಮೇಲ್ ಅಲ್ಲೇ ಹಿಂತಿರುಗುತ್ತದೆ. ತಪ್ಪು ವಿಳಾಸದ್ದಲ್ಲ. ಮಾನಕ ಬಂದು ಹತ್ತು ವರ್ಷ ದಾಟಿದರೂ ತಂತ್ರಾಂಶ ಸರಿಪಡಿಸಿಕೊಳ್ಳದವರು ಅದಕ್ಕೆ ಉತ್ತರ ಕೊಡಬೇಕು.

ಇಷ್ಟೆಲ್ಲ ನೋಡಿದ ಮೇಲೂ ಮೇಲ್ ಸಿಗದಿದ್ದರೆ ಉಳಿಯುವುದು ಸರ್ವರ್‌ನ ಲಾಗ್. ಸರ್ವರ್‌ನ ಮೇಲ್ ತಂತ್ರಾಂಶ ಪೋಸ್ಟ್‌ಫಿಕ್ಸ್ ಇರಲಿ, ಎಕ್ಸಿಮ್ ಇರಲಿ, ಬಂದ ಪ್ರತಿ ಸಂಪರ್ಕವನ್ನೂ ಒಪ್ಪಿದ್ದನ್ನೂ ತಿರಸ್ಕರಿಸಿದ್ದನ್ನೂ ಸಮಯದೊಂದಿಗೆ ಅದು ಬರೆದಿಡುತ್ತದೆ. ಆ ಸಮಯಕ್ಕೆ ಕಳಿಸಿದವರ ಸರ್ವರ್‌ನಿಂದ ಸಂಪರ್ಕವೇ ಆಗಿಲ್ಲ ಎಂದು ಲಾಗ್ ಹೇಳಿದರೆ ದೋಷ ಆ ಕಡೆಯದು. ಒಪ್ಪಿಕೊಂಡ ಸಾಲು ಇದ್ದರೆ ಈ ಕಡೆಯದು. ಸ್ಪ್ಯಾಮ್ ಎಂದು ಸದ್ದಿಲ್ಲದೆ ಎಸೆದದ್ದೂ ಅಲ್ಲಿ ಕಾಣುತ್ತದೆ. ಹಾಗೆ ಎಸೆಯುವುದು, ಮೇಲ್ ವಂಚನೆಯದೆಂದು ಪೂರ್ತಿ ಖಚಿತವಾದಾಗ ಮಾತ್ರ ಯೋಚಿಸಬೇಕಾದ ಕ್ರಮ ಎಂದು ನಿಯಮಾವಳಿ ಎಚ್ಚರಿಸುತ್ತದೆ.

ಹೋಸ್ಟಿಂಗ್ ಕಂಪನಿಗೆ ಮೇಲ್ ಬರುತ್ತಿಲ್ಲ ಎಂದಷ್ಟೇ ಬರೆದರೆ ನಮ್ಮ ಕಡೆ ಎಲ್ಲ ಸರಿಯಿದೆ ಎಂಬ ಉತ್ತರ ಬರುತ್ತದೆ. ಕಳಿಸಿದವರ ವಿಳಾಸ, ಪಡೆಯಬೇಕಾದವರ ವಿಳಾಸ, ಕಳಿಸಿದ ದಿನಾಂಕ ಮತ್ತು ನಿಮಿಷ, ಅದು ಭಾರತೀಯ ಕಾಲಮಾನವೋ ಅಲ್ಲವೋ, ಸಾಧ್ಯವಾದರೆ ಕಳಿಸಿದವರ ಸೆಂಟ್ ಫೋಲ್ಡರ್‌ನಿಂದ ತೆಗೆದ ಮೆಸೇಜ್ ಐಡಿ, ಇಷ್ಟನ್ನು ಕೊಟ್ಟು ಆ ಸಮಯದ ಲಾಗ್ ಸಾಲುಗಳನ್ನೇ ಕಳಿಸಿ ಎಂದು ಕೇಳಬೇಕು. ಲಾಗ್ ಅಳಿಸಿಹೋಗಿದೆ ಎಂಬ ಮಾತಿಗೆ ಭಾರತದಲ್ಲಿ ಹೆಚ್ಚು ಆಸ್ಪದವಿಲ್ಲ. 2022ರ ಏಪ್ರಿಲ್ 28ರಂದು ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನದಂತೆ ಸೇವಾ ಕಂಪನಿಗಳು, ಡೇಟಾ ಸೆಂಟರ್‌ಗಳು ಮತ್ತು ಸಂಸ್ಥೆಗಳು ತಮ್ಮ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನ ಕಾಪಾಡಬೇಕು. ಅದು ಸೈಬರ್ ಸುರಕ್ಷತೆಗಾಗಿ ಮಾಡಿದ ನಿಯಮ, ಗ್ರಾಹಕರಿಗೆ ತೋರಿಸಬೇಕೆಂಬ ಹಕ್ಕನ್ನು ಅದು ಕೊಡುವುದಿಲ್ಲ.

ಆ ಹಕ್ಕು ಬರಬೇಕಾಗಿದೆ. ಗೂಗಲ್ ವರ್ಕ್‌ಸ್ಪೇಸ್‌ನಲ್ಲಿ ಇ-ಮೇಲ್ ಲಾಗ್ ಸರ್ಚ್, ಮೈಕ್ರೋಸಾಫ್ಟ್ 365ರಲ್ಲಿ ಮೆಸೇಜ್ ಟ್ರೇಸ್ ಎಂಬ ಸೌಲಭ್ಯಗಳಿವೆ. ಸಂಸ್ಥೆಯ ನಿರ್ವಾಹಕರು ಯಾರನ್ನೂ ಕೇಳದೆ ಒಂದೊಂದು ಮೇಲ್‌ನ ಗತಿ ನೋಡಬಹುದು. ಕಡಿಮೆ ಬೆಲೆಯ ಹೋಸ್ಟಿಂಗ್ ಕೊಳ್ಳುವ ಸಹಕಾರ ಸಂಘಕ್ಕೆ, ಹಳ್ಳಿಯ ಕಾಲೇಜಿಗೆ, ಸಣ್ಣ ಕಾರ್ಖಾನೆಗೆ ಬರುವ ಮೇಲ್‌ನಲ್ಲೂ ಕೆಲಸದ ಅರ್ಜಿ ಇರುತ್ತದೆ, ಟೆಂಡರ್ ಇರುತ್ತದೆ, ರೋಗಿಯ ವರದಿ ಇರುತ್ತದೆ. ಹೋಸ್ಟಿಂಗ್ ಆರಿಸುವಾಗ ಜಿಬಿ ಎಷ್ಟು, ಬೆಲೆ ಎಷ್ಟು ಎಂದು ಕೇಳುವವರು ಒಳಬಂದ ಮೇಲ್‌ನ ಲಾಗ್ ನಮಗೆ ನೇರವಾಗಿ ಕಾಣುತ್ತದೆಯೇ, ಸ್ಪ್ಯಾಮ್ ಎಂದು ತಡೆದದ್ದನ್ನು ನಾವೇ ತೆರೆದು ನೋಡಬಹುದೇ ಎಂದೂ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆದು, ಆಮೇಲೆ ಹಣ ಕಟ್ಟಬೇಕು.